ಹಳೆ ಐ3 ಮಷಿನ್‌ಗೆ ವಿಂಡೋಸ್ 11 ಕೂರಿಸಿದ್ದು

ರಾಯಚೂರಿನ ಹತ್ತಿ ಅಡತಿ ಅಂಗಡಿಯ ಕಂಪ್ಯೂಟರ್: ನಾಲ್ಕನೇ ತಲೆಮಾರಿನ ಇಂಟೆಲ್ ಐ3 ಪ್ರೊಸೆಸರ್, 8 ಜಿಬಿ ರ್‍ಯಾಮ್. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. 11 ಹಾಕಹೋದರೆ ಈ ಪಿಸಿಗೆ ಆಗದು ಎಂದು ನಿಲ್ಲುತ್ತದೆ. ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇಲ್ಲ, ಪ್ರೊಸೆಸರ್ ಮೈಕ್ರೋಸಾಫ್ಟ್‌ನವರ ಪಟ್ಟಿಯಲ್ಲಿಲ್ಲ.

ಮೊದಲು ಬಿಲ್ಲಿಂಗ್ ಡೇಟಾವನ್ನು ಬೇರೆ ಡಿಸ್ಕಿಗೆ ನಕಲು ಮಾಡಿಕೊಳ್ಳಿ. ವಿಂಡೋಸ್ ಹಾಕಲು 16 ಜಿಬಿಯ ಖಾಲಿ ಪೆನ್‌ಡ್ರೈವ್ ಇರಲಿ. ಬೂಟ್ ಆಗುವ ಪೆನ್‌ಡ್ರೈವ್ ಮಾಡಿಕೊಡುವ ರೂಫಸ್ ತಂತ್ರಾಂಶದಲ್ಲಿ ಐಎಸ್‌ಒ (ವಿಂಡೋಸ್ 11ರ ಇನ್‌ಸ್ಟಾಲ್ ಫೈಲ್) ಆರಿಸಿ, ಜಿಪಿಟಿ (ಡಿಸ್ಕ್ ವಿಭಾಗಿಸುವ ಹೊಸ ವಿಧಾನ) ಮತ್ತು ಯುಇಎಫ್‌ಐ (ಬೂಟ್ ಆಗುವ ಹೊಸ ವಿಧಾನ) ಇಟ್ಟು ಸ್ಟಾರ್ಟ್ ಒತ್ತಿ. ಆಗ ಬರುವ ಚಿಕ್ಕ ಪಟ್ಟಿಯಲ್ಲಿ ಟಿಪಿಎಂ, ಸೆಕ್ಯೂರ್ ಬೂಟ್ ಷರತ್ತು ತೆಗೆಯುವ ಸಾಲಿಗೆ ಟಿಕ್ ಹಾಕಿ.

ನಿಜವಾದ ತೊಡಕು ಆಮೇಲೆ, ಆ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ವಿಂಡೋಸ್ ಹಾಕುವಾಗ. ಹಳೆ ಡಿಸ್ಕ್ ಎಂಬಿಆರ್ (ವಿಭಾಗಿಸುವ ಹಳೆ ವಿಧಾನ) ಆಗಿದ್ದರೆ ‘ಇಲ್ಲಿ ಹಾಕಲಾಗದು’ ಎನ್ನುತ್ತದೆ. ಶಿಫ್ಟ್+ಎಫ್10 ಒತ್ತಿ, ತೆರೆಯುವ ಕಪ್ಪು ಕಿಟಕಿಯಲ್ಲಿ ಈ ಆದೇಶಗಳನ್ನು ಇಂಗ್ಲಿಷಿನಲ್ಲಿ ಕೊಡಿ: ಡಿಸ್ಕ್‌ಪಾರ್ಟ್, ಲಿಸ್ಟ್ ಡಿಸ್ಕ್. ಪೆನ್‌ಡ್ರೈವೂ ಅಲ್ಲೇ ಕಾಣುತ್ತದೆ, ಗಾತ್ರ ನೋಡಿಯೇ ಹಳೆ ಡಿಸ್ಕಿನ ಸಂಖ್ಯೆ ಆರಿಸಿ (ಸೆಲೆಕ್ಟ್ ಡಿಸ್ಕ್, ಜೊತೆಗೆ ಸಂಖ್ಯೆ). ನಂತರ ಕ್ಲೀನ್, ಕನ್ವರ್ಟ್ ಜಿಪಿಟಿ. ಕ್ಲೀನ್ ಕೊಟ್ಟರೆ ಡಿ ಡ್ರೈವೂ ಸೇರಿ ಎಲ್ಲ ಹೋಗುತ್ತದೆ. ಅಡತಿಯ ಲೆಕ್ಕ ಅದರಲ್ಲೇ ಇರುತ್ತದೆ, ಅದಕ್ಕೇ ನಕಲು ಮೊದಲು ಅಂದದ್ದು.

ಇದಕ್ಕೂ ಹಳೆಯ ಕೋರ್ 2 ಡ್ಯುಯೊ ಪ್ರೊಸೆಸರ್‌ನ ಮಷಿನ್‌ಗೆ ಈ ದಾರಿ ಬೇಡ. ಪಾಪ್‌ಸಿಎನ್‌ಟಿ ಎಂಬ ಪ್ರೊಸೆಸರ್ ಸೂಚನೆ ಅದರಲ್ಲಿಲ್ಲ, ಹಾಗಾಗಿ ವಿಂಡೋಸ್ 11ರ 24ಎಚ್2 ಆವೃತ್ತಿ ಬೂಟ್ ಆಗುವುದೇ ಇಲ್ಲ. ಅದಕ್ಕೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಂ ವಾಸಿ. ಐ3ರಲ್ಲೂ ವರ್ಷದ ದೊಡ್ಡ ಅಪ್‌ಡೇಟ್ ತಾನಾಗಿ ಬರುವುದಿಲ್ಲ, ಹೊಸ ಐಎಸ್‌ಒದಿಂದ ನಾವೇ ಹಾಕಬೇಕು.