ಸಂಜೆಮಲ್ಲಿಗೆಗೆ ಬಂದಿದ್ದು ಸೂರಕ್ಕಿಯಲ್ಲ

ಜಯನಗರದ ನಮ್ಮ ಹಳೇ ಮನೆಗೆ ಹಿತ್ತಲು ಅಂತ ಇರುವುದು ಹತ್ತಡಿ ಜಾಗ. ಅಲ್ಲೊಂದು ನಂದಿಬಟ್ಟಲು ಗಿಡ, ತಾನೇ ಹುಟ್ಟಿಕೊಂಡ ಸಂಜೆಮಲ್ಲಿಗೆ ಒಂದಷ್ಟು. ಜುಲೈನಲ್ಲಿ ಒಂದು ಸಂಜೆ ಆರೂಮುಕ್ಕಾಲರ ಹೊತ್ತಿಗೆ ಏನೋ ಒಂದು ಹೂವಿನ ಮುಂದೆ ಗಾಳಿಯಲ್ಲೇ ನಿಂತು ರೆಕ್ಕೆ ಬಡಿಯುತ್ತಿತ್ತು. ಪಕ್ಕದ ಮನೆ ಆಂಟಿ ಕಾಂಪೌಂಡ್ ಮೇಲಿಂದ ಇಣುಕಿ, "ಹಮ್ಮಿಂಗ್ ಬರ್ಡ್ ಅಲ್ವೇನೋ ಅದು?" ಅಂದರು. ಆ ಹಕ್ಕಿ ಅಮೆರಿಕ ಖಂಡಗಳನ್ನು ಬಿಟ್ಟು ಬೇರೆಲ್ಲೂ ಇಲ್ಲ ಅಂತ ಗೊತ್ತಿತ್ತು, ಹಾಗಾಗಿ ನಾನು ಸೂರಕ್ಕಿ ಅಂದೆ. ಅದೂ ತಪ್ಪು. ಹತ್ತಿರ ಹೋದರೆ ತಲೆ ಮೇಲೆ ಎರಡು ಮೀಸೆ, ಕೊಕ್ಕಿನ ಜಾಗದಲ್ಲಿ ದಾರದಂಥ ಸೊಂಡಿಲು. ಪತಂಗ!

ಫ್ಲಾಶ್ ಹಾಕಿ ಇಪ್ಪತ್ತು ಫೋಟೋ ತೆಗೆದೆ. ಎಲ್ಲವೂ ಬೂದು ಮೋಡ. ಫೋಟೋ ನೋಡಿ ಜೀವಿಯ ಹೆಸರು ಸೂಚಿಸುವ ಐನ್ಯಾಚುರಲಿಸ್ಟ್ ಆ್ಯಪ್‌ಗೆ ಹಾಕಿದರೆ ಒಂದೊಂದು ಫೋಟೋಗೆ ಒಂದೊಂದು ಹೆಸರು ಬಂತು.

ಮಾರನೇ ದಿನ ಬೆಳಿಗ್ಗೆ ನಂದಿಬಟ್ಟಲಿನ ಬುಡದಲ್ಲಿ ಮೆಣಸಿನ ಕಾಳಿನಷ್ಟು ದಪ್ಪದ ಹಿಕ್ಕೆ ಬಿದ್ದಿತ್ತು. ಹಿಕ್ಕೆ ಕಂಡರೆ ನೇರ ಮೇಲಿನ ಕೊಂಬೆ ನೋಡಬೇಕು, ಇದನ್ನು ಕಲಿತಿದ್ದು ಆವತ್ತೇ. ಬೆರಳುದ್ದದ ಹಸಿರು ಹುಳ, ಎಲೆಗೂ ಅದಕ್ಕೂ ವ್ಯತ್ಯಾಸವೇ ಇಲ್ಲ. ಕಡ್ಡಿಯಲ್ಲಿ ಮುಟ್ಟಿದರೆ ತಲೆ ಒಳಗೆಳೆದುಕೊಂಡು ಬೆನ್ನ ಮೇಲೆ ಎರಡು ನೀಲಿ ಕಣ್ಣು ತೋರಿಸಿತು. ನಿಜವಾದ ಕಣ್ಣಲ್ಲ, ಹಕ್ಕಿಯನ್ನು ಹೆದರಿಸುವ ಮಚ್ಚೆ ಅವು. ಮಾತ್ಸ್ ಆಫ್ ಇಂಡಿಯಾ ವೆಬ್‌ಸೈಟಿನ ಚಿತ್ರಗಳ ಜೊತೆ ಹೋಲಿಸಿದೆ: ಒಲಿಯಾಂಡರ್ ಹಾಕ್ ಮಾತ್ ಅನ್ನುವ ಪತಂಗದ ಮರಿಹುಳ, ವೈಜ್ಞಾನಿಕ ಹೆಸರು ಡಾಫ್ನಿಸ್ ನೆರಿಯೈ. ಕಣಗಿಲೆಯನ್ನೂ ತಿನ್ನುತ್ತೆ, ಅದರ ವಿಷ ಇದಕ್ಕೆ ತಟ್ಟುವುದಿಲ್ಲ.

ಸಂಜೆ ಬಂದವನೂ ಇವನೇ ಅಂತ ತೀರ್ಮಾನ ಮಾಡಿ ಮನೆಮಂದಿಗೆಲ್ಲ ಹೇಳಿಬಿಟ್ಟೆ. ಅವಸರ ನೋಡಿ.

ಹುಳವನ್ನು ಹಳೇ ಬಕೆಟ್‌ನಲ್ಲಿ ಮಣ್ಣು, ಒಣಗಿದ ಎಲೆ ಹಾಕಿ ಸಾಕಿದೆ. ದಿನಾ ಹೊಸ ಎಲೆ ಕೊಡಬೇಕು, ಮೇಲೆ ಸೊಳ್ಳೆಪರದೆ ತುಂಡು ಕಟ್ಟಿದರೆ ಸಾಕು. ಮೂರನೇ ದಿನ ಕಂದು ಬಣ್ಣಕ್ಕೆ ತಿರುಗಿತು. ಸತ್ತೇ ಹೋಯಿತು ಅಂದುಕೊಂಡೆ, ಆದರೆ ಅದು ಪೊರೆ ಕಟ್ಟುವ ಮುಂಚಿನ ಬಣ್ಣವಂತೆ. ಎಲೆಗಳ ಕೆಳಗೆ ಸೇರಿಕೊಂಡಿತು. ಅಲ್ಲಿಂದ 14ನೇ ರಾತ್ರಿ ಹೊರಗೆ ಬಂದ ಪತಂಗವನ್ನು ಏನಂತ ಹೇಳಲಿ, ಮಿಲಿಟರಿಯವರ ಬಟ್ಟೆಯಂಥ ಹಸಿರು, ನಡುವೆ ತಿಳಿ ಗುಲಾಬಿ.

ಅಷ್ಟರಲ್ಲಿ ಫೋಟೋ ಬಿಟ್ಟು ಮೊಬೈಲ್‌ನ ಸ್ಲೋ ಮೋಷನ್‌ನಲ್ಲಿ ವಿಡಿಯೋ ಮಾಡಲು ಶುರು ಮಾಡಿದ್ದೆ, ಅದೂ ಇನ್ನೂ ಸ್ವಲ್ಪ ಬೆಳಕಿದ್ದಾಗಲೇ. ಒಂದೊಂದೇ ಚೌಕಟ್ಟು ನಿಲ್ಲಿಸಿ ನೋಡಿದರೆ ಸಂಜೆಯ ಅತಿಥಿಗೆ ಹಸಿರೇ ಇಲ್ಲ! ಕಂದು ಮೈ, ಹಿಂದಿನ ರೆಕ್ಕೆಯಲ್ಲಿ ಕಿತ್ತಳೆ ಬಣ್ಣ, ಬಾಲದ ತುದಿಯಲ್ಲಿ ಬ್ರಷ್‌ನಂಥ ಕೂದಲು. ಮ್ಯಾಕ್ರೊಗ್ಲಾಸಮ್ ಅನ್ನುವ ಪತಂಗಗಳ ಗುಂಪಿನದು, ಅಷ್ಟು ಖಾತ್ರಿ. ಆ ಗುಂಪಿನಲ್ಲಿ ಒಂದೇ ಥರ ಕಾಣುವವು ಜಾಸ್ತಿ, ಹಾರುತ್ತಿರುವ ವಿಡಿಯೋ ನೋಡಿ ಇಂಥದ್ದೇ ಅನ್ನುವುದು ಸುಮ್ನೆ ಜಂಬ. ನಾನು ಆ್ಯಪ್‌ನಲ್ಲಿ ಗುಂಪಿನ ಹೆಸರು ಮಾತ್ರ ಹಾಕಿ ಬಿಟ್ಟಿದ್ದೇನೆ. ಆಂಟಿ ಮಾತ್ರ ಇವತ್ತಿಗೂ ಹಮ್ಮಿಂಗ್ ಬರ್ಡ್ ಅಂತಲೇ ಅನ್ನುತ್ತಾರೆ.