ಸೀಮೆಎಣ್ಣೆ ವಾಸನೆ ಬಂದರೆ ಗ್ಲಾಸ್ ಕೆಳಗಿಡಬೇಡಿ

ಫ್ರಾಂಕ್‌ಫರ್ಟ್‌ಗೆ ಹೊಸದಾಗಿ ಬಂದವರನ್ನು ಆಫೀಸಿನವರು ಒಂದಲ್ಲ ಒಂದು ದಿನ ಹತ್ತಿರದ ದ್ರಾಕ್ಷಿ ತೋಟಗಳ ಸೀಮೆ ರೈನ್‌ಗಾವ್ ಕಡೆ ವೈನ್ ರುಚಿ ನೋಡಲು ಕರೆದೊಯ್ಯುತ್ತಾರೆ. ಕುಡಿಯದವರೂ ಧೈರ್ಯವಾಗಿ ಹೋಗಿ. ಟ್ರೌಬೆನ್‌ಝಾಫ್ಟ್ ಅಂತ ಕೇಳಿದರೆ ಒಳ್ಳೆಯ ದ್ರಾಕ್ಷಿ ರಸ ಕೊಡುತ್ತಾರೆ, ಯಾರೂ ಯಾಕೆ ಅಂತ ಕೇಳುವುದಿಲ್ಲ.

ಊರಲ್ಲಿ ನಮಗೆ ವೈನ್ ಅಂದರೆ ಸಿಹಿ ಪೋರ್ಟ್. ಇಲ್ಲಿನ ರೀಸ್ಲಿಂಗ್ ಎಂಬ ಬಿಳಿ ವೈನ್ ಹುಳಿ, ಮೊದಲ ಗುಟುಕಿಗೇ ಹಲ್ಲು ಜುಮ್ಮೆನ್ನುತ್ತದೆ. ಲೇಬಲ್ಲಿನಲ್ಲಿ ಟ್ರೋಕನ್ ಅಂತ ಇದ್ದರೆ ಸಿಹಿ ಇಲ್ಲ ಎಂದರ್ಥ. ಫೈನ್‌ಹೆರ್ಬ್ ಅಂತ ಇದ್ದರೆ ಸ್ವಲ್ಪ ಸಿಹಿ. ನಮ್ಮ ಖಾರದ ಊಟಕ್ಕೆ, ಅದರಲ್ಲೂ ಬಿಸಿಬೇಳೆಬಾತ್‌ಗೆ, ಈ ಎರಡನೆಯದೇ ಚೆನ್ನ.

ಮೊದಲು ಎಳೆಯದು, ಆಮೇಲೆ ಹಳೆಯದು ಸುರಿಯುತ್ತಾರೆ. ಕಳೆದ ವರ್ಷದ ವೈನ್ ನೀರಿನಷ್ಟು ತಿಳಿ, ಅಂಚಿನಲ್ಲಿ ಚೂರು ಹಸಿರು. ಹಸಿ ಸೇಬು, ನಿಂಬೆ ಸಿಪ್ಪೆಯ ವಾಸನೆ. ಟೇಬಲ್ಲಿನಲ್ಲಿ ಎಲ್ಲರೂ ಪೀಚ್, ಏಪ್ರಿಕಾಟ್ ಅಂತಾರೆ. ನಿಮಗೆ ಹೇರಳೆಕಾಯಿ ನೆನಪಾದರೆ ಹಾಗೇ ಹೇಳಿ. ನಾವು ಮೂಸಿ ಬೆಳೆದ ವಾಸನೆಗಳೇ ನಮಗೆ ಗುರುತು, ಅಲ್ವಾ? ಎಲ್ಲ ಗ್ಲಾಸನ್ನೂ ಪೂರ್ತಿ ಕುಡಿಯಬೇಕಿಲ್ಲ. ಮೇಜಿನ ಮೇಲೆ ಉಗುಳಲು ಪಾತ್ರೆ ಇಟ್ಟಿರುತ್ತಾರೆ, ಸಂಕೋಚ ಬೇಡ.

ಹಳೆಯದರ ವಿಷಯವೇ ಬೇರೆ. ರೈನ್‌ಗಾವ್‌ನ ರೂಡೆಸ್‌ಹೈಮ್ ಊರಲ್ಲಿ ಒಮ್ಮೆ 2003ರ ಸ್ಪೇಟ್‌ಲೇಸೆ ಸುರಿದರು. ಸ್ಪೇಟ್‌ಲೇಸೆ ಅಂದರೆ ತಡವಾಗಿ ಕೊಯ್ದ ದ್ರಾಕ್ಷಿಯದು. 1775ರಲ್ಲಿ ಹತ್ತಿರದ ಯೋಹಾನಿಸ್‌ಬರ್ಗ್ ದ್ರಾಕ್ಷಿ ತೋಟಕ್ಕೆ ಕೊಯ್ಲಿನ ಅಪ್ಪಣೆ ತರಬೇಕಿದ್ದ ಸವಾರ ತಡಮಾಡಿದ್ದರಿಂದ ಶುರುವಾಯಿತು ಅಂತಾರೆ. ಆ ಸವಾರನ ಪ್ರತಿಮೆ ಅಲ್ಲಿ ಈಗಲೂ ಇದೆ. ನನ್ನ ಗ್ಲಾಸಿನಲ್ಲಿದ್ದದ್ದಕ್ಕೆ ಕರಗಿದ ತುಪ್ಪದ ಬಣ್ಣ. ಮೂಗಿಗೆ ಹಿಡಿದೆ. ಸೀಮೆಎಣ್ಣೆ! ಅಜ್ಜಿ ಮನೆಯಲ್ಲಿ ಬತ್ತಿ ಸ್ಟೋವ್ ಆರಿಸಿದಾಗ ಬರುತ್ತಿತ್ತಲ್ಲ, ಅದೇ. ಕೆಟ್ಟಿದೆ ಅಂದುಕೊಂಡು ಕೆಳಗಿಟ್ಟೆ. ಪಕ್ಕದವರು ತಡೆದರು. ಇನ್ನೂ ಹತ್ತು ನಿಮಿಷ ಬಿಡಿ ಎಂದರು. ಬಿಟ್ಟೆ. ಜೇನು ಬಂತು, ಒಣದ್ರಾಕ್ಷಿ ಬಂತು, ಕಿತ್ತಳೆ ಸಿಪ್ಪೆ ಬಂತು. ಸೀಮೆಎಣ್ಣೆ ಹಿಂದೆ ಸರಿದು ನಿಂತಿತ್ತು. ಹುಳಿ ಮಾತ್ರ ಅಷ್ಟು ವರ್ಷವಾದರೂ ಹಾಗೇ ಇತ್ತು. ಅದೇ ಇದನ್ನು ಕಾಪಾಡಿದ್ದು.

ಬಿಸಿಲು ಜಾಸ್ತಿ ಬಿದ್ದ ದ್ರಾಕ್ಷಿಯಲ್ಲಿ ಈ ವಾಸನೆಯ ಮೂಲ ಇರುತ್ತದೆ, ಬಾಟಲಿಯಲ್ಲಿ ವರ್ಷ ಕಳೆದಂತೆ ಹೊರಬರುತ್ತದೆ. 2003 ಯುರೋಪಿಗೆ ವಿಪರೀತ ಸೆಕೆಯ ವರ್ಷ. ಇಲ್ಲಿಯವರು ಇದನ್ನು ಪೆಟ್ರೋಲ್ ಅಂತಾರೆ. ನನಗೆ ನಮ್ಮ ಮಾತೇ ಸರಿ ಅನಿಸುತ್ತದೆ. ನಿಜವಾಗಿ ಕೆಟ್ಟ ವೈನ್ ಬೇರೆ: ಮಳೆಯಲ್ಲಿ ನೆಂದ ರಟ್ಟಿನ ವಾಸನೆ ಬರುತ್ತದೆ. ಅದು ಬಿರಡೆಯ ದೋಷ. ಹೇಳಿದರೆ ಬೇರೆ ಬಾಟಲಿ ತೆರೆಯುತ್ತಾರೆ.

ಸೆಪ್ಟೆಂಬರ್ ಬಂತೆಂದರೆ ಫೆಡರ್‌ವೈಸರ್. ಇನ್ನೂ ಹುದುಗುತ್ತಿರುವ ರಸ, ಅಕ್ಕಿ ತೊಳೆದ ನೀರಿನಂತೆ ಕದಡು, ಉಕ್ಕಿದ ದೋಸೆ ಹಿಟ್ಟಿನ ಘಮ. ಸಿಹಿಯಲ್ಲಿ ಅಮಲು ಗೊತ್ತಾಗುವುದಿಲ್ಲ, ನಿಧಾನಿಸಿ. ಗಾಳಿ ಹೋಗಲೆಂದು ಮುಚ್ಚಳ ಸಡಿಲ ಬಿಟ್ಟಿರುತ್ತಾರೆ, ನೆಟ್ಟಗೆ ಹಿಡಿದೇ ತನ್ನಿ. ಮೊದಲ ವರ್ಷ ನಾನು ಬ್ಯಾಗಿನಲ್ಲಿ ಮಲಗಿಸಿ ತಂದೆ, ಲ್ಯಾಪ್‌ಟಾಪ್ ಹೋಯಿತು. ಜೊತೆಗೆ ಕೊಡುವ ಈರುಳ್ಳಿ ಕೇಕಿನಲ್ಲಿ ಸಾಮಾನ್ಯವಾಗಿ ಹಂದಿ ಮಾಂಸದ ಚೂರು ಇರುತ್ತದೆ. ಸಸ್ಯಾಹಾರಿಗಳು "ಓನೆ ಶ್ಪೆಕ್" (ಆ ಮಾಂಸ ಇಲ್ಲದ್ದು) ಇದೆಯಾ ಅಂತ ಮೊದಲೇ ಕೇಳಿ.

ಕಾರು ಬೇಡ. ರಕ್ತದಲ್ಲಿ ಆಲ್ಕೋಹಾಲ್ 0.5 ಪ್ರೊಮಿಲೆ, ಅಂದರೆ ಸಾವಿರದಲ್ಲಿ ಅರ್ಧ ಪಾಲು, ಮುಟ್ಟಿದರೆ ದಂಡ, ಲೈಸೆನ್ಸಿಗೂ ಕುತ್ತು. ರೂಡೆಸ್‌ಹೈಮ್‌ಗೆ ನೇರ ರೈಲಿದೆ. ಬಾಗಿಲಲ್ಲಿ ಎಲೆಯ ತೋರಣ ಅಥವಾ ಪೊರಕೆ ತೂಗುಹಾಕಿದ ಮನೆ ಕಂಡರೆ ಒಳಗೆ ಹೋಗಿ, ಬೆಳೆಗಾರರೇ ತಮ್ಮ ವೈನ್ ಮಾರುವ ಜಾಗ ಅದು. ಎರಡು ಗ್ಲಾಸ್ ಆದಮೇಲೆ, ಹಳೆಯದು ಏನಾದರೂ ಇದೆಯಾ ಅಂತ ಕೇಳಿ. ಇದ್ದರೆ, ನೆಲಮಾಳಿಗೆಯಿಂದ ಧೂಳು ಒರೆಸುತ್ತಾ ತರುತ್ತಾರೆ.