ಸೈಟಿಗೆ ಹೋಗದೆ ಟ್ರಾನ್ಸ್‌ಪಾಂಡರ್ ನೋಡಿಕೊಳ್ಳುವುದು: ನನ್ನ ಅನುಭವ

ಟ್ರಾನ್ಸ್‌ಪಾಂಡರ್ ಕಾರ್ಡುಗಳನ್ನು (ಗ್ರಾಹಕರ ಡೇಟಾವನ್ನು ದೂರದ ಫೈಬರಿಗೆ ಹೊಂದುವ ಬೆಳಕಾಗಿ ಬದಲಿಸುವ ಕಾರ್ಡು) ಕೂತಲ್ಲಿಂದಲೇ ನಡೆಸಬಹುದು ಅಂದಾಗ ಎಲ್ಲರದ್ದೂ ಒಂದೇ ಮಾತು: "ಫೈಬರ್ ಕಟ್ಟಾದ ದಿನ ನಿಮ್ಮ ಸ್ಕ್ರೀನೂ ಕಪ್ಪಾಗುತ್ತೆ, ಆಗ ಗಾಡಿ ಹತ್ತಲೇಬೇಕು." ಮೊದಲ ವರ್ಷ ಹಾಗೇ ಆಯಿತು. ಈಗ 11 ಸೈಟು, ಹೆಚ್ಚುಕಡಿಮೆ 45 ಲೈನ್ ಪೋರ್ಟು (ದೂರದ ಫೈಬರಿನ ಕಡೆಯ ಪೋರ್ಟು) ಈ ವ್ಯವಸ್ಥೆಯಲ್ಲಿವೆ. ತಿಂಗಳಿಗೆ ಎಂಟು-ಹತ್ತು ಸಲ ಓಡುತ್ತಿದ್ದ ಗಾಡಿ ಎರಡು ತಿಂಗಳಿಗೊಮ್ಮೆ ಹೊರಡುತ್ತದೆ, ಅದೂ ಫ್ಯಾನ್ ಫಿಲ್ಟರ್ ತೊಳೆಯಲು ಇಲ್ಲವೇ ಕಾರ್ಡ್ ಬದಲಿಸಲು.

ಮೊದಲು ಸೈಟಿನ ಕಾರ್ಡುಗಳನ್ನು ತಲುಪುವ ದಾರಿಯ ವಿಚಾರ. ಓಎಸ್‌ಸಿ (ನಿರ್ವಹಣೆಗೆಂದೇ ಇರುವ ಬೇರೆ ತರಂಗಾಂತರದ ಬೆಳಕು) ಇರಲಿ, ಡೇಟಾ ಕಟ್ಟಿ ಕಳಿಸುವ ಓಟಿಎನ್ ಫ್ರೇಮಿನೊಳಗಿನ ಜಿಸಿಸಿ0 (ನಿರ್ವಹಣೆಗೆ ಮೀಸಲಾದ ಸಣ್ಣ ಚಾನೆಲ್) ಇರಲಿ, ಎರಡೂ ಟ್ರಾಫಿಕ್ ಹೋಗುವ ಫೈಬರಿನಲ್ಲೇ ಹೋಗುತ್ತವೆ. ಮರ ಬಿದ್ದರೆ ಬಳ್ಳಿಯೂ ಬಿತ್ತು. ಜಿಸಿಸಿ0ಯಲ್ಲಿ ಬ್ಯಾಂಡ್‌ವಿಡ್ತ್ ಸಾಲದು ಅನ್ನುವ ತಕರಾರನ್ನು ನಾನು ಒಪ್ಪುವುದಿಲ್ಲ. ಓಟಿಯು2ರಲ್ಲಿ (10 ಜಿ ಲೈನ್) ಸುಮಾರು 1.3 ಎಂಬಿಪಿಎಸ್, ಓಟಿಯು4ರಲ್ಲಿ (100 ಜಿ ಲೈನ್) 13.7ರ ಆಸುಪಾಸು ಸಿಗುತ್ತದೆ. ಅಲಾರಂ, ಪಿಎಂ (ಲಿಂಕಿನ ಗುಣಮಟ್ಟದ ಅಂಕಿಗಳು), ಲಾಗ್ ಎಲ್ಲಕ್ಕೂ ಧಾರಾಳ. ರಿಂಗಿನ ಸೈಟುಗಳಿಗೆ ಇನ್ನೊಂದು ಬದಿಯಿಂದ ದಾರಿ ಉಳಿದಿರುತ್ತದೆ. ಕಷ್ಟ ಇರುವುದು ಬಾಲದ ತುದಿಯ ಸೈಟುಗಳಲ್ಲಿ. ಅಲ್ಲಿಗೆ ಎಲ್‌ಟಿಇ ಮೋಡೆಮ್, ಅದರ ಹಿಂದೆ ನಾಲ್ಕು ಪೋರ್ಟಿನ ಕನ್ಸೋಲ್ ಸರ್ವರ್ (ಸಲಕರಣೆಯ ಸೀರಿಯಲ್ ಪೋರ್ಟಿಗೆ ದೂರದಿಂದ ಲಾಗಿನ್ ಕೊಡುವ ಪೆಟ್ಟಿಗೆ) ಇಟ್ಟೆ. ಎರಡೂ ಸೇರಿ ಇಬ್ಬರು ಒಂದು ರಾತ್ರಿ ಹೋಗಿಬರುವ ಖರ್ಚಿನ ಮೂರು ಪಟ್ಟು ದಾಟಲಿಲ್ಲ. ನಾಲ್ಕನೇ ಸಲ ಫೈಬರ್ ಕಟ್ಟಾಗುವ ಹೊತ್ತಿಗೆ ಹಣ ವಾಪಸ್ ಬಂದ ಹಾಗಾಯಿತು.

ಅತಿ ಹೆಚ್ಚು ದಿನ ತಿಂದದ್ದು ಎಂಟಿಯು, ಅಂದರೆ ಒಂದು ದಾರಿಯಲ್ಲಿ ಹೋಗಬಲ್ಲ ಅತಿ ದೊಡ್ಡ ಪ್ಯಾಕೆಟ್ಟಿನ ಅಳತೆ. ಎಲ್‌ಟಿಇ ಮೇಲೆ ಟನೆಲ್ (ಸೈಟಿಗೂ ನಮಗೂ ನಡುವಿನ ಖಾಸಗಿ ದಾರಿ) ಹಾಕಿದ ಮೇಲೆ ಪಿಂಗ್ ಹೋಗುತ್ತದೆ, ಎಸ್‌ಎಸ್‌ಎಚ್ ಲಾಗಿನ್ ಆಗುತ್ತದೆ, ಪ್ರಾಂಪ್ಟ್ ಕೂಡ ಬರುತ್ತದೆ. ಅಲಾರಂ ಪಟ್ಟಿ ಕೇಳಿದ ಕೂಡಲೇ ಸೆಷನ್ ಕಲ್ಲಿನ ಹಾಗೆ ನಿಲ್ಲುತ್ತದೆ. ನೆಟ್‌ಕಾನ್ಫ್ (ಸಲಕರಣೆಯ ಕಾನ್ಫಿಗರೇಶನ್ ಓದಿ ಬದಲಿಸುವ ಪ್ರೊಟೊಕಾಲ್) ಆದರೆ ಹಲೋ ಸಂದೇಶದಲ್ಲೇ ನಿಲ್ಲುತ್ತದೆ, ಯಾಕೆಂದರೆ ಕೇಪಬಿಲಿಟಿ ಪಟ್ಟಿಯೇ ಉದ್ದ. ಕಾರ್ಡ್ ಸಾಫ್ಟ್‌ವೇರನ್ನು ದೂರುತ್ತಾ ಎರಡು ವಾರ ಕಳೆದವು. ಸಣ್ಣ ಪ್ಯಾಕೆಟ್ ದಾಟುತ್ತಿತ್ತು, 1500 ಬೈಟಿನದು ದಾಟುತ್ತಿರಲಿಲ್ಲ, 'ತುಂಬಾ ದೊಡ್ಡದು' ಎಂದು ತಿಳಿಸುವ ಐಸಿಎಂಪಿ ಸಂದೇಶವನ್ನು ನಡುವೆ ಯಾವುದೋ ಫೈರ್‌ವಾಲ್ ನುಂಗುತ್ತಿತ್ತು. ಟನೆಲ್ ಎಂಟಿಯು 1400, ಟಿಸಿಪಿ ಎಂಎಸ್‌ಎಸ್ (ಒಂದು ಪ್ಯಾಕೆಟ್ಟಿನೊಳಗಿನ ಡೇಟಾದ ಮಿತಿ) 1350ಕ್ಕೆ ಕ್ಲ್ಯಾಂಪ್ ಮಾಡಿದ ಮೇಲೆ ಆ ತೊಂದರೆ ಮತ್ತೆ ಕಾಣಿಸಿಲ್ಲ. ಮೋಡೆಮ್ ಎನ್‌ಎಟಿಯ ಹಿಂದೆ (ಹೊರಗಿನಿಂದ ನೇರವಾಗಿ ತಲುಪಲಾಗದ ವಿಳಾಸದಲ್ಲಿ) ಇರುವುದರಿಂದ ಟನೆಲ್ ಯಾವಾಗಲೂ ಸೈಟಿನ ಕಡೆಯಿಂದಲೇ ಏಳಬೇಕು, 25 ಸೆಕೆಂಡಿಗೊಂದು ಕೀಪ್‌ಅಲೈವ್ (ದಾರಿ ತೆರೆದಿಡುವ ಸಣ್ಣ ಪ್ಯಾಕೆಟ್) ಹೋಗುತ್ತಿರಬೇಕು. ಇಲ್ಲದಿದ್ದರೆ ಬೇಕಾದ ಹೊತ್ತಿಗೆ ಬಾಗಿಲು ಮುಚ್ಚಿರುತ್ತದೆ.

ಶೆಲ್ಫನ್ನು (ಕಾರ್ಡುಗಳು ಕೂರುವ ಚೌಕಟ್ಟು) ದೂರದಿಂದಲೇ ಆಫ್ ಮಾಡಿ ಆನ್ ಮಾಡುವ ಪವರ್ ರಿಲೇಯಲ್ಲಿ ದುಡ್ಡು ಸುಟ್ಟೆ. ಶೆಲ್ಫಿಗೆ -48 ವೋಲ್ಟ್ ಡಿಸಿ. ಮೊದಲು ಹಾಕಿದ್ದು '30 ಆಂಪಿಯರ್, 250 ವೋಲ್ಟ್ ಎಸಿ' ಎಂದು ಬರೆದಿದ್ದ ಅಗ್ಗದ ರಿಲೇ. ಎಸಿಯಲ್ಲಿ ಕರೆಂಟು ಪ್ರತಿ ಅರ್ಧ ಸೈಕಲಿಗೆ ಸೊನ್ನೆಗೆ ಬರುವುದರಿಂದ ಕಿಡಿ ತಾನೇ ಆರುತ್ತದೆ. ಡಿಸಿಯಲ್ಲಿ ಆ ಸೊನ್ನೆ ಬರುವುದೇ ಇಲ್ಲ. ಮೂರನೇ ಸಲ ಆನ್ ಮಾಡುವಾಗ ಕಾಂಟ್ಯಾಕ್ಟ್ ಬೆಸೆದುಕೊಂಡಿತು, ಆಮೇಲೆ ಆಫ್ ಆಗಲೇ ಇಲ್ಲ. ಈಗ ಡಿಸಿ ರೇಟಿಂಗ್ ಇರುವ ಕಾಂಟ್ಯಾಕ್ಟರ್, ಶೆಲ್ಫ್ ಎಳೆಯುವ ಕರೆಂಟಿನ ಎರಡು ಪಟ್ಟಿನದು, ಅದೂ ನಾರ್ಮಲಿ ಕ್ಲೋಸ್ಡ್ ಬಗೆಯದು. ನಿಯಂತ್ರಿಸುವ ಪುಟ್ಟ ಬೋರ್ಡ್ ಸತ್ತರೂ ಶೆಲ್ಫಿಗೆ ಕರೆಂಟು ಹೋಗುತ್ತಲೇ ಇರಬೇಕು. ಎ ಮತ್ತು ಬಿ ಫೀಡ್ (ಶೆಲ್ಫಿಗೆ ಕರೆಂಟು ತರುವ ಎರಡು ಸಾಲು) ಎರಡನ್ನೂ ಒಟ್ಟಿಗೆ ಕಡಿಯಬೇಕು. ಒಂದನ್ನು ಕಡಿದರೆ ಪವರ್ ಅಲಾರಂ ಬರುತ್ತದೆಯೇ ಹೊರತು ಶೆಲ್ಫಿಗೆ ಏನೂ ಆಗುವುದಿಲ್ಲ. 30 ಸೆಕೆಂಡ್ ಆಫ್ ಇಟ್ಟು ಆಮೇಲೆ ಆನ್. ಇದು ಕೊನೆಯ ಅಸ್ತ್ರ, ಇಡೀ ಶೆಲ್ಫಿನ ಟ್ರಾಫಿಕ್ ಬೀಳುತ್ತದೆ. ಮೊದಲು ಕಂಟ್ರೋಲರಿನ ವಾರ್ಮ್ ರೀಸ್ಟಾರ್ಟ್ (ಸಾಫ್ಟ್‌ವೇರ್ ಮಾತ್ರ), ಆಗದಿದ್ದರೆ ಆ ಒಂದು ಕಾರ್ಡಿನ ಕೋಲ್ಡ್ ರೀಸ್ಟಾರ್ಟ್ (ಹಾರ್ಡ್‌ವೇರ್ ಸಮೇತ). ಮೋಡೆಮಿಗೆ ಬೇರೆಯೇ ಸಣ್ಣ ಟೈಮರ್ ಇದೆ: ಅರ್ಧ ಗಂಟೆ ಪಿಂಗ್ ಸಿಗದಿದ್ದರೆ 10 ಸೆಕೆಂಡ್ ಕರೆಂಟ್ ಕಡಿಯುತ್ತದೆ, ದಿನಕ್ಕೆ ಆರು ಸಲಕ್ಕಿಂತ ಹೆಚ್ಚಿಲ್ಲ.

ದಾರಿ ಗಟ್ಟಿಯಾದ ಮೇಲೆ ಅಂಕಿಗಳ ಕಡೆ ತಿರುಗಿದೆ. ಪ್ಲಗ್ಗೇಬಲ್ಲಿನ (ಪೋರ್ಟಿಗೆ ಸಿಕ್ಕಿಸುವ ಆಪ್ಟಿಕಲ್ ಮಾಡ್ಯೂಲ್) ಡಿಡಿಎಂ, ಅಂದರೆ ಅದು ತಾನೇ ಅಳೆದು ಹೇಳುವ ಅಂಕಿಗಳನ್ನು, ಓದುವ ಸ್ಪೆಸಿಫಿಕೇಶನ್ ಎಸ್‌ಎಫ್‌ಎಫ್-8472ರಲ್ಲಿ ಆಪ್ಟಿಕಲ್ ಪವರಿನ ಅಳತೆ 0.1 ಮೈಕ್ರೋವ್ಯಾಟಿನ ಹೆಜ್ಜೆಯದು. ಅತಿ ಸಣ್ಣ ಹೆಜ್ಜೆ ಎಂದರೆ -40 ಡಿಬಿಎಂ (1 ಮಿಲಿವ್ಯಾಟಿಗೆ ಹೋಲಿಸಿ ಹೇಳುವ ಪವರ್). ಬೆಳಕೇ ಇಲ್ಲದಿದ್ದರೂ ಬಹಳಷ್ಟು ಸಾಫ್ಟ್‌ವೇರ್ ಅದನ್ನೇ ತೋರಿಸುತ್ತದೆ. 10 ಸೆಕೆಂಡಿಗೊಂದರಂತೆ ಐದು ನಿಮಿಷಕ್ಕೆ 30 ಮಾದರಿ ತೆಗೆದು ಸರಾಸರಿ ಹಾಕುತ್ತಿದ್ದೆ. 29 ಮಾದರಿ -12, ಒಂದು -40 ಇದ್ದರೆ ಸರಾಸರಿ -12.9 ಬರುತ್ತದೆ. ಗ್ರಾಫಿನಲ್ಲಿ ಅದು ಫೈಬರ್ ಎಲ್ಲೋ ಬಾಗಿದ ಹಾಗೆ ಕಾಣುತ್ತದೆ, ನಿಜಕ್ಕೂ ಆದದ್ದು ಕ್ಷಣಕಾಲದ ಎಲ್‌ಓಎಸ್ (ಬೆಳಕು ಪೂರ್ತಿ ನಿಂತದ್ದು). ಹಾಗೆ ನಾಲ್ಕು ಸಲ ಬಾಗು ಹುಡುಕಲು ಜನರನ್ನು ಕಳಿಸಿದ ಖರ್ಚು ದಂಡವಾಯಿತು. ಈಗ -40 ಬಂದರೆ ಸರಾಸರಿಗೆ ಸೇರಿಸುವುದಿಲ್ಲ, ಬೇರೆ ಎಣಿಕೆಗೆ ಹಾಕುತ್ತೇನೆ. ಗ್ರಾಫಿನಲ್ಲಿ ಕನಿಷ್ಠ, ಗರಿಷ್ಠ ಎರಡೂ ಇರಲೇಬೇಕು. ಇನ್ನೊಂದು: ಡಿಡಿಎಂ ಪವರಿಗೆ ಆ ಸ್ಪೆಸಿಫಿಕೇಶನ್ ಕೊಡುವ ನಿಖರತೆ ±3 ಡಿಬಿ ಅಷ್ಟೆ. ಈ ತುದಿಯ ಟಿಎಕ್ಸಿನಿಂದ (ಕಳಿಸುವ ಪವರ್) ಆ ತುದಿಯ ಆರ್‌ಎಕ್ಸ್ (ಬಂದು ತಲುಪಿದ ಪವರ್) ಕಳೆದು ಲಾಸ್ ಲೆಕ್ಕ ಹಾಕಬೇಡಿ. ಒಂದು ಪೋರ್ಟಿನ ಇವತ್ತಿನ ಅಂಕಿಯನ್ನು ಅದೇ ಪೋರ್ಟಿನ ನಿನ್ನೆಯ ಅಂಕಿಗೆ ಹೋಲಿಸಿ.

ಕೊಹೆರೆಂಟ್ ಲೈನಿನಲ್ಲಿ (ಬೆಳಕಿನ ಬಲದ ಜೊತೆ ಹಂತದಲ್ಲೂ ಡೇಟಾ ತುಂಬುವ ಬಗೆ) ಪವರಿಗಿಂತ ಪ್ರಿ-ಫೆಕ್ ಬಿಇಆರ್ ಮುಖ್ಯ, ಅಂದರೆ ಫೆಕ್ (ತಪ್ಪು ಬಿಟ್ ಸರಿಪಡಿಸುವ ಕೋಡ್) ಕೆಲಸ ಮಾಡುವ ಮೊದಲು ತಪ್ಪಿದ ಬಿಟ್‌ಗಳ ಪ್ರಮಾಣ. ನಮ್ಮ ಕಾರ್ಡುಗಳ ಫೆಕ್ ಸುಮಾರು 2×10⁻² ತನಕ ತಡೆದುಕೊಳ್ಳುತ್ತದೆ, ಅಲ್ಲಿಯವರೆಗೆ ಗ್ರಾಹಕರಿಗೆ ಒಂದು ಬಿಟ್ಟೂ ತಪ್ಪುವುದಿಲ್ಲ, ದಾಟಿದರೆ ಒಮ್ಮೆಲೇ ಎಲ್ಲ ಬೀಳುತ್ತದೆ. ಬಿಇಆರ್ ಅಂಕಿಗೇ ಅಲಾರಂ ಹಾಕಿ ಸೋತೆ. ಒಂದು ಲಿಂಕ್ ಸುಮ್ಮನೆ ಕೂಗುತ್ತದೆ, ಇನ್ನೊಂದು ಸಾಯುವವರೆಗೂ ಬಾಯಿ ಬಿಡುವುದಿಲ್ಲ. ಅದನ್ನು ಕ್ಯೂಗೆ (ಸಿಗ್ನಲ್ಲಿನ ಗುಣಮಟ್ಟದ ಅಳತೆ; ಹೆಚ್ಚಿದ್ದಷ್ಟೂ ಒಳ್ಳೆಯದು) ಬದಲಿಸಿ ಡಿಬಿಯಲ್ಲಿ ನೋಡಿದ ಮೇಲೆ ಚಿತ್ರ ತಿಳಿಯಾಯಿತು. 10⁻³ ಎಂದರೆ 9.8 ಡಿಬಿ, 5×10⁻³ ಎಂದರೆ 8.2, ಮಿತಿಯ 2×10⁻² ಎಂದರೆ 6.25. ಅಂದರೆ 10⁻³ ಲಿಂಕಿಗೆ ಮೂರೂವರೆ ಡಿಬಿ ಕೈಯಲ್ಲಿದೆ, 5×10⁻³ಕ್ಕೆ ಎರಡೂ ಇಲ್ಲ. 15 ನಿಮಿಷದ ಪಿಎಂ ಬಿನ್ನಿನ ಅತಿ ಕೆಟ್ಟ ಅಂಕಿ ತೆಗೆದುಕೊಂಡು, ಆ ಲಿಂಕಿನ ಏಳು ದಿನದ ರೂಢಿಗಿಂತ ಅರ್ಧ ಡಿಬಿ ಇಳಿದರೆ ಸಂದೇಶ ಬರುವ ಹಾಗೆ ಮಾಡಿದೆ. ಹಗಲು-ರಾತ್ರಿಯ ಏರಿಳಿತ ನಮ್ಮಲ್ಲಿ 0.2 ಡಿಬಿ ಒಳಗೇ ಇರುವುದರಿಂದ ಸುಳ್ಳು ಕೂಗು ಹೆಚ್ಚುಕಡಿಮೆ ನಿಂತಿದೆ. ಕಳೆದ ಬಾರಿ ಒಂದು ಆಂಪ್ಲಿಫೈಯರ್ ಸೊರಗುತ್ತಿರುವುದು ಟ್ರಾಫಿಕ್ ಬೀಳುವ ಒಂಬತ್ತು-ಹತ್ತು ದಿನ ಮುಂಚೆ ಸಿಕ್ಕಿತು. ಸೈಟಿಗೆ ಹೋಗಿ ಮೀಟರ್ ಹಿಡಿದಿದ್ದರೂ ಅಷ್ಟು ಬೇಗ ಸಿಗುತ್ತಿರಲಿಲ್ಲ.

ಅಲಾರಂ ಹೊಂದಿಸುವಾಗ ಬಿಡಿಐ (ಆಚೆ ತುದಿ ಹಿಂದಕ್ಕೆ ಕಳಿಸುವ ದೋಷದ ಸೂಚನೆ) ಮರೆಯಬೇಡಿ. ಆಚೆ ಸೈಟಿಗೆ ನಾವು ಕಳಿಸುವ ಬೆಳಕು ತಲುಪದಿದ್ದರೆ ಅದು ನಮಗೆ ಬಿಡಿಐ ಕಳಿಸುತ್ತದೆ. ಅಂದರೆ ಆ ಸೈಟಿನ ಮ್ಯಾನೇಜ್‌ಮೆಂಟ್ ಸತ್ತಿದ್ದರೂ ಅಲ್ಲಿ ಕಾರ್ಡಿಗೆ ಜೀವ ಇದೆ, ಕೆಟ್ಟಿರುವುದು ನಮ್ಮಿಂದ ಹೋಗುವ ದಿಕ್ಕು ಮಾತ್ರ ಎಂದು ಈ ತುದಿಯಿಂದಲೇ ಗೊತ್ತಾಗುತ್ತದೆ. ಎಸ್‌ಎನ್‌ಎಂಪಿ ಟ್ರ್ಯಾಪ್ (ಸಲಕರಣೆ ತಾನಾಗಿ ಕಳಿಸುವ ಅಲಾರಂ ಸಂದೇಶ) ಯುಡಿಪಿಯಲ್ಲಿ ಬರುವುದು, ಕಳೆದರೆ ಕಳೆಯಿತು. ದಾರಿ ಬದಲಾದ ಪ್ರತಿ ಸಲ ಅಲಾರಂ ಪಟ್ಟಿಯನ್ನು ಪೂರ್ತಿ ಮತ್ತೆ ಎಳೆದುಕೊಳ್ಳಿ. ಯಾವ ಅಲಾರಂಗೆ ಎಷ್ಟು ಸೆಕೆಂಡ್ ಕಾದು ಯಾವುದನ್ನು ಮುಚ್ಚುತ್ತೇನೆ ಅನ್ನುವ ಪಟ್ಟಿ ಮಾತ್ರ ನನ್ನಲ್ಲೇ ಇರಲಿ, ಎರಡು ವರ್ಷದ ದುಡಿಮೆ ಅದು.

ಕಾನ್ಫಿಗರೇಶನ್ ಬದಲಿಸುವಾಗ ನೆಟ್‌ಕಾನ್ಫಿನ ಕನ್ಫರ್ಮ್ಡ್ ಕಮಿಟ್ ಬಿಟ್ಟು ಬೇರೆ ಯಾವುದನ್ನೂ ನಂಬುವುದಿಲ್ಲ. ಸುಮ್ಮನೆ ಬಿಟ್ಟರೆ 600 ಸೆಕೆಂಡ್, ಅಷ್ಟರಲ್ಲಿ ದೃಢಪಡಿಸದಿದ್ದರೆ ಹಳೆಯದು ವಾಪಸ್. 120 ಸಾಕು ಅಂದುಕೊಂಡು ಇಟ್ಟಿದ್ದೆ; ಲೇಸರ್ ಹೊಸ ಚಾನೆಲಿಗೆ ಕೂತು ಡಿಎಸ್‌ಪಿ (ಬಂದ ಸಿಗ್ನಲ್ಲನ್ನು ಬಿಡಿಸುವ ಚಿಪ್) ಲಾಕ್ ಆಗುವಷ್ಟರಲ್ಲಿ ಟೈಮರ್ ಮುಗಿದು ಎಲ್ಲ ಹಿಂದಕ್ಕೆ ಹೋಗುತ್ತಿತ್ತು. ಇನ್ನೂ ದೊಡ್ಡ ಪೆಟ್ಟು ಕೊಟ್ಟದ್ದು ಸೆಷನ್. ಫ್ರೀಕ್ವೆನ್ಸಿ ಬದಲಿಸಿದರೆ ಜಿಸಿಸಿ ಕಡಿಯುತ್ತದೆ, ಅದರ ಜೊತೆ ಸೆಷನ್ನೂ. ಸೆಷನ್ ಸತ್ತಿತು ಎಂದು ಕಾರ್ಡಿಗೆ ತಿಳಿದ ಕೂಡಲೇ ಅದು ಟೈಮರಿಗೂ ಕಾಯದೆ ವಾಪಸ್ ತರುತ್ತದೆ. ಕಮಿಟ್ ಜೊತೆ ಪರ್ಸಿಸ್ಟ್ ಟೋಕನ್ ಕೊಟ್ಟರೆ ಹೊಸ ಸೆಷನ್ನಿನಿಂದ ಅದೇ ಟೋಕನ್ ತೋರಿಸಿ ದೃಢಪಡಿಸಬಹುದು. ಕ್ರಮ ಹೀಗೆ: ಮೊದಲು ದೂರದ ತುದಿ, ಟೋಕನ್ ಸಮೇತ, 600 ಸೆಕೆಂಡ್, ಕೂಡಲೇ ಹತ್ತಿರದ ತುದಿ, ಲಾಕ್ ಆಗಿ ಕ್ಯೂ ಸರಿ ಕಂಡ ಮೇಲೆ ದೂರದ್ದನ್ನು ಮೊದಲು ದೃಢಪಡಿಸಿ, ಆಮೇಲೆ ಹತ್ತಿರದ್ದು.

ಪಕ್ಕದಲ್ಲಿ ಒಂದು ಪ್ರಯೋಗವೂ ಆಯಿತು. ಕೊಹೆರೆಂಟ್ ಡಿಎಸ್‌ಪಿ ತಾನು ಸರಿಪಡಿಸುತ್ತಿರುವ ಕ್ರೊಮ್ಯಾಟಿಕ್ ಡಿಸ್ಪರ್ಷನ್ (ಫೈಬರಿನ ಉದ್ದಕ್ಕೂ ಬೆಳಕಿನ ಪಲ್ಸ್ ಹರಡಿಕೊಳ್ಳುವುದು) ಎಷ್ಟೆಂದು ಹೇಳುತ್ತದೆ. ಮಾಮೂಲಿ ಜಿ.652 ಫೈಬರಿನಲ್ಲಿ 1550 ನ್ಯಾನೋಮೀಟರ್ ಹತ್ತಿರ ಕಿಲೋಮೀಟರಿಗೆ 17 ಪಿಎಸ್/ಎನ್‌ಎಂ ಆಸುಪಾಸು. ನಮ್ಮ ಒಂದು ಲಿಂಕಿನ ಮುಖ್ಯ ದಾರಿ 82 ಕಿಲೋಮೀಟರ್, ಬದಲಿ ದಾರಿ 110. ಅಂಕಿ 1400ರ ಬಳಿ ಇದ್ದರೆ ಮುಖ್ಯ ದಾರಿ, 1870ರ ಬಳಿ ಇದ್ದರೆ ಬದಲಿ. ಎರಡು ದಾರಿಗಳ ನಡುವೆ ಬದಲಿಸುವ ಪ್ರೊಟೆಕ್ಷನ್ ಸ್ವಿಚ್ ಏನು ಹೇಳುತ್ತದೋ ಅದನ್ನು ಕೇಳುವ ಅಗತ್ಯವೇ ಇಲ್ಲ. ಒಮ್ಮೆ ಸ್ವಿಚ್ ಮುಖ್ಯ ದಾರಿ ಅನ್ನುತ್ತಿತ್ತು, ಡಿಸ್ಪರ್ಷನ್ 1860 ಅನ್ನುತ್ತಿತ್ತು. ಓಡಿಯು ಡಿಲೇ ಮೆಷರ್‌ಮೆಂಟ್ (ಸಿಗ್ನಲ್ ಹೋಗಿಬರುವ ಸಮಯದ ಅಳತೆ) ಹಾಕಿ ನೋಡಿದೆ: ಕಿಲೋಮೀಟರಿಗೆ ಹೋಗಿಬರಲು ಸುಮಾರು 9.8 ಮೈಕ್ರೋಸೆಕೆಂಡಿನ ಲೆಕ್ಕದಲ್ಲಿ ಅದೂ 110ಕ್ಕೇ ಹೊಂದಿತು. ಸ್ವಿಚ್ಚಿನ ಸ್ಥಿತಿ ತೋರಿಸುವ ಸೆನ್ಸರ್ ಕೆಟ್ಟಿತ್ತು, ಮುಖ್ಯ ದಾರಿ ಅದೆಷ್ಟು ದಿನದಿಂದ ಸತ್ತಿತ್ತೋ. ಈಗ ಎಲ್ಲ ಲಿಂಕುಗಳ ಡಿಸ್ಪರ್ಷನ್ನನ್ನೂ ಗಂಟೆಗೊಮ್ಮೆ ಬರೆದಿಡುತ್ತಿದ್ದೇನೆ.